ಹೆಬ್ಬೆರಳಗಲದ ಜಾಗ

ಆಗಬಾರದ್ದು ಆಗಿಹೋಗಿ ಎರಡು ನಿಮಿಷವೂ ಕಳೆದಿರಲಿಲ್ಲ. ಫೋನು ಇನ್ನೂ ರೇಣುಕಪ್ರಸಾದನ ಎಡಗಿವಿಯಲ್ಲೇ ಇತ್ತು. ಆ ಕಡೆಯಿಂದ ದಲಾಲಿ ರುದ್ರೇಶ ಅವತ್ತಿನ ಹರಾಜಿಗೆ ಬಂದ ಹೊನ್ನವಳ್ಳಿ ಕೊಬ್ಬರಿಯ ಬಗ್ಗೆ ಒಂದೇ ಸಮನೆ ಮಾತಾಡುತ್ತಿದ್ದ. “ಮ್ಯಾಗೆ ಬೂಷ್ಟು ಕಟ್ಟೈತೆ ಕಣಣ್ಣ, ಉಜ್ಜಿ ನೋಡ್ದೆ, ಒಳಗೆ ಏನೂ ಆಗಿಲ್ಲ. ತಗಳ್ಳಾ, ಬುಡ್ಲಾ? ಅಣ್ಣ? ಅಣ್ಣೋ?” ರೇಣುಕಪ್ರಸಾದ ತನ್ನ ಬಲಗೈ ಹೆಬ್ಬೆರಳನ್ನು ನೋಡುತ್ತಿದ್ದ. ಬೆರಳು ಒದ್ದೆಯಾಗಿತ್ತು, ಕಪ್ಪಾಗಿತ್ತು. ಎದುರಿಗೆ ಮೇಜಿನ ಮೇಲೆ, ಗಾಜಿನ ಕಟ್ಟಿನಿಂದ ಆಗಷ್ಟೇ ಬಿಡಿಸಿ ತೆಗೆದ ಹಳೆಯ ಪಾರಸಿ ಬರಹದ ಹಾಳೆ. ಓರೆಯಾಗಿ ಇಳಿಯುವ ನಾಲ್ಕು ಸಾಲು, ಸಾಲುಗಳ ಸುತ್ತ ಚಿನ್ನದ ಗೆರೆ, ಕೆಳಗೆ ಎಡಮೂಲೆಯಲ್ಲಿ ಒಂದು ಸಣ್ಣ ತ್ರಿಕೋನ. ಆ ತ್ರಿಕೋನದೊಳಗೆ ಬರೆದವನ ಹೆಸರಿತ್ತು. ಈಗ ಅಲ್ಲಿ ಹೆಬ್ಬೆರಳಗಲದ ಒಂದು ಜಾಗ ಮಾತ್ರ ಇತ್ತು, ಬೂದಿಬಣ್ಣದ್ದು. ಮುನ್ನೂರೈವತ್ತು ವರ್ಷ ಹೇಗೋ ಉಳಿದುಕೊಂಡು ಬಂದಿದ್ದ ಹೆಸರನ್ನು ಅವನು ಒಂದೇ ಉಜ್ಜಿಗೆ ಅಳಿಸಿ ಹಾಕಿದ್ದ.

ಬೇಕೆಂದು ಮಾಡಿದ್ದಲ್ಲ. ಯಾರು ಬೇಕೆಂದು ಮಾಡುತ್ತಾರೆ? ಹೆಸರಿನ ಪಕ್ಕದಲ್ಲಿ ಎಳ್ಳಿನಷ್ಟು ಬೂಷ್ಟು ಕಂಡಿತ್ತು. ಈ ಸಲದ ಮಳೆ ಗೋಡೆಗಿಳಿದು ಗಾಜಿನೊಳಗೂ ತೇವ ಕೂರಿಸಿತ್ತು. ಕೊಬ್ಬರಿಯಲ್ಲೇ ಹುಟ್ಟಿ ಬೆಳೆದವನ ಕೈಗೆ ಬೂಷ್ಟು ಕಂಡರೆ ಮಾಡಲು ಇರುವುದು ಒಂದೇ ಕೆಲಸ. ಹೆಬ್ಬೆರಳು ತಾನಾಗಿ ನಾಲಿಗೆಗೆ ಹೋಗುತ್ತದೆ, ನಾಲಿಗೆಯಿಂದ ಗಿಟುಕಿನ, ಅಂದರೆ ಇಡೀ ಉಂಡೆ ಕೊಬ್ಬರಿಯ, ಮೈಗೆ ಬರುತ್ತದೆ, ಒತ್ತಿ ಮುಂದಕ್ಕೆ ಒಂದು ಸಲ ಉಜ್ಜುತ್ತದೆ. ಕಲೆ ಹೋದರೆ ಅದು ಮೇಲಿನದು, ಹೋಗದಿದ್ದರೆ ಒಳಗಿನದು, ಆ ಕಾಯಿ ಕೆಟ್ಟಿದೆ ಎಂದು ಅರ್ಥ. ಅವನಿಗೆ ಎಂಟು ವರ್ಷವಾಗಿದ್ದಾಗ ಅಪ್ಪ ರೇವಣಸಿದ್ದಯ್ಯ ಮಂಡಿಯಲ್ಲಿ ಚೀಲಗಳ ನಡುವೆ ಕೂರಿಸಿಕೊಂಡು ಬೆರಳು ಹಿಡಿದು ಕಲಿಸಿದ್ದ ವಿದ್ಯೆ ಅದು. “ಕಣ್ಣನ್ನ ನಂಬ್ಬ್ಯಾಡ ಕಣಪ್ಪ, ಬೆಟ್ಟನ್ನ ನಂಬು.” ಐವತ್ತು ವರ್ಷ ಆ ಬೆರಳು ತಪ್ಪಿರಲಿಲ್ಲ. ಇವತ್ತು ಕಿವಿಯಲ್ಲಿ ರುದ್ರೇಶ ಬೂಷ್ಟು ಅಂದ, ಉಜ್ಜಿ ನೋಡ್ದೆ ಅಂದ, ಕಣ್ಣೆದುರಿಗೂ ಬೂಷ್ಟು ಇತ್ತು, ಕೈ ಯಾರನ್ನೂ ಕೇಳದೆ ತನ್ನ ಕೆಲಸ ತಾನು ಮಾಡಿತು. ಅವನ ಮನಸ್ಸು ಬಂದು ಸೇರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಎಂಜಲು. ನೀರು ಬಿದ್ದು ಹೋಗಿದ್ದರೆ ಅದೃಷ್ಟ ಅನ್ನಬಹುದಿತ್ತು, ಇಲಿ ತಿಂದಿದ್ದರೆ ಶಾಪ ಹಾಕಬಹುದಿತ್ತು. ಒಬ್ಬ ಮನುಷ್ಯನ ಹೆಸರಿಗೆ ಎಂಜಲು ಹಚ್ಚಿ ಅಳಿಸಿದ್ದೇನೆ ಎಂದು ಯಾರಿಗೆ ಹೇಳುವುದು? ಅವನಿಗೆ ಗೊತ್ತಿರಲಿಲ್ಲವೆಂದೂ ಅಲ್ಲ. ಮನೆಗೆ ಬಂದ ನೆಂಟರನ್ನೆಲ್ಲ ಈ ಮಹಡಿ ಕೋಣೆಗೆ ಹತ್ತಿಸಿ, ಅವರು ಆಕಳಿಸುತ್ತಿದ್ದರೂ ಬಿಡದೆ, ಅವನೇ ಪಾಠ ಹೇಳುತ್ತಿದ್ದ: ಈ ಮಸಿ ದೀಪದ ಕಪ್ಪು ಮತ್ತು ಜಾಲಿ ಅಂಟು ಅರೆದು ಮಾಡಿದ್ದು, ನಮ್ಮ ಕೆರೆ ಏರಿ ಮೇಲಿದೆಯಲ್ಲ ಅಂಥ ಜಾಲಿ, ಕಾಗದಕ್ಕೆ ಮೆರುಗು ಕೊಟ್ಟಿರುವುದರಿಂದ ಮಸಿ ಒಳಗೆ ಇಳಿಯುವುದಿಲ್ಲ, ಮೇಲೆ ಕೂತಿರುತ್ತದೆ, ತಪ್ಪಾದ ಅಕ್ಷರವನ್ನು ಬರೆದವನೇ ಒದ್ದೆ ಬಟ್ಟೆಯಲ್ಲಿ ಎತ್ತಿಬಿಡುತ್ತಿದ್ದ, ಒಂದು ಹನಿ ನೀರು ತಾಗಿದರೆ ಮುಗಿಯಿತು. ಇಷ್ಟೆಲ್ಲ ಬಾಯಿಪಾಠವಿದ್ದವನ ಬಾಯಿಯೇ ಕೆಲಸ ಕೆಡಿಸಿತ್ತು. ಮೆರುಗಿಗೆ ಮೊಟ್ಟೆಯ ಬಿಳಿ ಬಳಿಯುತ್ತಿದ್ದರು ಎಂಬ ಒಂದು ಸಂಗತಿಯನ್ನು ಮಾತ್ರ ಅವನು ಆ ಪಾಠದಿಂದ ಬಿಟ್ಟಿದ್ದ, ಏಕೆಂದರೆ ಅವನ ಹೆಂಡತಿ ಪ್ರತಿ ಸೋಮವಾರ ದೇವರಮನೆ ಮುಗಿಸಿಕೊಂಡು ಮೇಲೆ ಬಂದು ಆ ಕಟ್ಟಿಗೂ ವಿಭೂತಿ ಇಡುತ್ತಿದ್ದಳು. ಹೇಳದೆ ಇರುವುದರಲ್ಲಿ ಅವನಿಗೆ ಒಳ್ಳೆಯ ಅಭ್ಯಾಸವಿತ್ತು.

ಫೋನು ಇಟ್ಟು ಬಚ್ಚಲಿಗೆ ಹೋದ. ಹೆಬ್ಬೆರಳನ್ನು ನಲ್ಲಿಯ ಕೆಳಗೆ ಹಿಡಿಯಬೇಕು ಅನ್ನುವಷ್ಟರಲ್ಲಿ ಕೈ ತಡೆಯಿತು. ಆ ಹೆಸರು ಈಗ ಎಲ್ಲಾದರೂ ಇದ್ದರೆ ಈ ಬೆರಳಿನ ಮೇಲೆಯೇ ಇದೆಯಲ್ಲ ಎಂದು ಹೊಳೆಯಿತು. ಕನ್ನಡಕ ಸರಿಮಾಡಿಕೊಂಡು ಬೆರಳನ್ನು ಬೆಳಕಿಗೆ ಹಿಡಿದು ನೋಡಿದ. ಅಕ್ಷರ ಇರಲಿಲ್ಲ, ಬಾಣಲೆ ತಳ ಮುಟ್ಟಿದಂಥ ಮಸಿ ಇತ್ತು. ಮುಂದಿನ ಯೋಚನೆ ಬಂದು ಅವನನ್ನೇ ಬೆಚ್ಚಿಬೀಳಿಸಿತು: ಯಾರಿಗೆ ತೋರಿಸಲೆಂದು ಹಾಳೆ ಬಿಡಿಸಿಟ್ಟಿದ್ದನೋ ಆ ಪ್ರದರ್ಶನದವರು ಹನ್ನೊಂದು ಗಂಟೆಗೆ ಬರುತ್ತಾರೆ, ಬೆರಳು ಕಪ್ಪಾಗಿರಬಾರದು. ಸೋಪು ಹಚ್ಚಿ ಉಜ್ಜಿ ತೊಳೆದ. ಎಷ್ಟು ಬೇಗ ಹೋಯಿತು! ಕೊಳೆನೀರು ಪೈಪಿನಲ್ಲಿ ಇಳಿದು ಹಿತ್ತಿಲ ತೆಂಗಿನ ಬುಡಕ್ಕೆ ಸೇರುವುದು ಕಿಟಕಿಯಿಂದ ಕಂಡಿತು. ಉಗುರಿನ ಸಂದಿಯಲ್ಲೂ ಬಿಡದೆ ಬ್ರಷ್ಷಿನಿಂದ ತಿಕ್ಕಿದ. ಕಳ್ಳ ನನ್ನ ಮಗನೇ ಎಂದು ತನಗೆ ತಾನೇ ಬೈದುಕೊಂಡ, ಆದರೂ ತಿಕ್ಕುವುದನ್ನು ನಿಲ್ಲಿಸಲಿಲ್ಲ.

ಹನ್ನೊಂದು ವರ್ಷದ ಹಿಂದೆ ಕಾನ್ಪುರಕ್ಕೆ ಹೋಗಿದ್ದ. ತಿಪಟೂರಿನ ಉಂಡೆ ಕೊಬ್ಬರಿ ಕೊಳ್ಳುವ ಒಣಹಣ್ಣಿನ ವ್ಯಾಪಾರಿ ತನ್ನ ಗೆಳೆಯನೊಬ್ಬನ ಮನೆಗೆ ಚಹಾಕ್ಕೆ ಕರೆದುಕೊಂಡು ಹೋದ. ಅಲ್ಲಿ ಗೋಡೆಯ ಮೇಲೆ ಇದು ತೂಗುತ್ತಿತ್ತು. ಒಂದಕ್ಷರ ಗೊತ್ತಿಲ್ಲದ ತಾನು ಚಹಾ ಆರುವವರೆಗೆ ಆ ಸಾಲುಗಳ ಮುಂದೆ ಯಾಕೆ ನಿಂತುಬಿಟ್ಟನೆಂದು ಅವನಿಗೆ ಇವತ್ತಿಗೂ ತಿಳಿಯದು. ಉದ್ದಕ್ಕೆ ಎಳೆದು, ಕೊನೆಗೆ ಬಂದು ಸೊಗಸಾಗಿ ಬಾಗಿ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತ ಗೆರೆ. ತನ್ನ ಬದುಕಿನಲ್ಲಿ ಅಂಥದ್ದು ಒಂದೂ ಇಲ್ಲ ಅನ್ನಿಸಿತ್ತು. ಮನೆಯ ಮುದುಕ ಕಟ್ಟನ್ನು ಕೆಳಗಿಳಿಸಿ, ಮೂಲೆಯ ಕಡೆ ಬೆರಳು ತೋರಿಸಿ, ಮುಟ್ಟದೆ, ಹಿಂದಿಯಲ್ಲಿ ಬಿಡಿಸಿ ಹೇಳಿದ್ದ: ಬಡವ, ಪಾಪಿ, ಇಂಥವನು ಬರೆದದ್ದು, ಇವನ ತಪ್ಪುಗಳನ್ನು ದೇವರು ಮುಚ್ಚಲಿ. ಬರೆದವರೆಲ್ಲ ಹಾಗೆ ತಮ್ಮನ್ನು ಕೆಳಗಿಟ್ಟುಕೊಂಡೇ ಹೆಸರು ಹಾಕುವುದು ಪದ್ಧತಿಯಂತೆ. ಬಡವ ಎಂಬುದು ನೆನಪಿದೆ, ಪಾಪಿ ಎಂಬುದು ನೆನಪಿದೆ, ಹೆಸರು ಮಾತ್ರ ತಿಪಟೂರು ಸೇರುವ ಮುಂಚೆಯೇ ಮರೆತುಹೋಗಿತ್ತು. ಆ ಹಾಳೆಯನ್ನು ಮಾರಿದ ಮುದುಕ ಮರುವರ್ಷವೇ ತೀರಿಕೊಂಡ, ಆಮೇಲೆ ರೇಣುಕಪ್ರಸಾದ ಅಲ್ಲಿ ಇಲ್ಲಿ ಹುಡುಕಿ ಇನ್ನೂ ಎಂಟು ಹಾಳೆ ಕೊಂಡು ತಂದ. ಬೀದಿಯಲ್ಲಿ ಜನ “ಕೊಬ್ಬರಿ ಸಾವ್ಕಾರ್ರಿಗೆ ಸಾಬರ ಕಾಗದದ ಹುಚ್ಚು” ಎಂದು ನಕ್ಕರು. ನಗಲಿ ಎಂದು ಬಿಟ್ಟಿದ್ದ, ಆದರೆ ನಕ್ಕವರಲ್ಲಿ ಒಬ್ಬೊಬ್ಬರ ಹೆಸರೂ ಅವನಿಗೆ ನೆನಪಿತ್ತು.

ಅದಕ್ಕೇ ಅಲ್ಲವೇ ಡಾಕ್ಟರ್ ಸಬೀಹಾ ಅವರ ಕಾಗದ ಬಂದಾಗ ಅಷ್ಟು ಹಿಗ್ಗಿದ್ದು? ವಿಜಯಪುರದ ಕಡೆಯವರು, ಪಾರಸಿ ಬಲ್ಲವರು. ಬೆಂಗಳೂರಿನಲ್ಲಿ ಹಳೆಯ ಬರಹಗಳ ಪ್ರದರ್ಶನವೊಂದನ್ನು ಏರ್ಪಡಿಸುತ್ತಿದ್ದರು. ನಿಮ್ಮ ಹಾಳೆ ಕೊಡುತ್ತೀರಾ, ಕೆಳಗೆ ಚೀಟಿ ಹಾಕುತ್ತೇವೆ, ಬರೆದವರ ಹೆಸರು, ಅದರ ಕೆಳಗೆ ‘ಸಂಗ್ರಹ: ರೇಣುಕಪ್ರಸಾದ್, ತಿಪಟೂರು’ ಎಂದು ಬರೆದಿದ್ದರು. ಆ ಚೀಟಿಯನ್ನು ಮನಸ್ಸಿನಲ್ಲೇ ಎಷ್ಟು ಸಲ ಓದಿಕೊಂಡಿದ್ದನೋ. ಬರೆದವರ ಹೆಸರು ಕಾಣುವಂತೆ ಪೂರ್ತಿ ಫೋಟೊ ಕಳಿಸಿ ಎಂದು ಅವರು ಕೇಳಿದಾಗ, ಮಾಲು ಪೂರ್ತಿ ತೋರಿಸಿಬಿಟ್ಟರೆ ಗಿರಾಕಿ ಮನೆಗೆ ಬರುವುದಿಲ್ಲ ಎಂಬ ಮಂಡಿಯ ಬುದ್ಧಿ ಓಡಿಸಿ, ಮೂಲೆ ಬಿಟ್ಟು ಮೂರು ಸಾಲಿನದು ಮಾತ್ರ ಕಳಿಸಿದ್ದ. ‘ಹೆಸರು ಇದೆ, ತಾವೇ ಬಂದು ನೋಡಬೇಕು’ ಎಂದು ಬೇರೆ ಬರೆದಿದ್ದ. ಹನ್ನೊಂದು ವರ್ಷದಲ್ಲಿ ಯಾರಿಗೂ ಫೋಟೊ ತೆಗೆಯಲು ಬಿಟ್ಟಿರಲಿಲ್ಲ, ತಾನೂ ತೆಗೆದಿರಲಿಲ್ಲ. ಎದುರಿಗೇ ಇರುವುದಕ್ಕೆ ಫೋಟೊ ಯಾಕೆ ಅಂದುಕೊಂಡಿದ್ದ.

ಗಿರಿಜಾಂಬಿಕಾ ಕಾಫಿ ತಂದವಳು ಗಂಡನ ಮುಖ ನೋಡಿ ಲೋಟವನ್ನು ಕೈಗೆ ಕೊಡದೆ ಕಿಟಕಿಯಲ್ಲಿಟ್ಟಳು. ಆಮೇಲೆ ಹಾಳೆ ನೋಡಿದಳು. “ಅಯ್ಯೋ ಶಿವ, ಇದೇನ್ರೀ ಇದು?” ಅವನು ಬಾಯಿ ತೆರೆದ. ನಾನೇ ಎಂದು ಹೇಳಲು ಎಷ್ಟು ಹೊತ್ತು ಬೇಕು? ಆದರೆ ನಾಲಿಗೆ ಹೊರಳಲಿಲ್ಲ, ಆ ನಾಲಿಗೆಯೇ ಅವನಿಗೆ ಅಸಹ್ಯವಾಗಿತ್ತು. “ರಂಗಕ್ಕ ನೆನ್ನೆ ಒದ್ದೆ ಬಟ್ಟೆ ಹಿಡ್ಕೊಂಡು ಮೇಲಕ್ಕೆ ಹೋಗಿದ್ಲು,” ಎಂದಳು ಹೆಂಡತಿ, ತನಗೆ ತಾನೇ ಹೇಳಿಕೊಳ್ಳುವಂತೆ. ನಿನ್ನೆ ಹಾಳೆ ಗಾಜಿನೊಳಗೇ ಇತ್ತು, ರಂಗಕ್ಕ ಒರೆಸಿದ್ದು ಗಾಜನ್ನು, ಇದು ಅವನಿಗೆ ಗೊತ್ತಿತ್ತು, ಹೆಂಡತಿಗೆ ಗೊತ್ತಿರಲಿಲ್ಲ. ಅವನು ಹೌದೆನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ. ಕಾಫಿ ತೆಗೆದುಕೊಂಡು ಕುಡಿದ. ಕುಡಿಯಲು ಆಯಿತಲ್ಲ ಎಂದು ಅವನಿಗೇ ದಿಗಿಲಾಯಿತು.

ಕೆಳಗೆ ಅಂಗಳದಲ್ಲಿ ರಂಗಕ್ಕ ಕರಟ ಒಡೆಯುತ್ತಿದ್ದಳು, ಆ ಸದ್ದು ಮೇಲಕ್ಕೆ ಕೇಳುತ್ತಿತ್ತು. ಮೂವತ್ತು ವರ್ಷದಿಂದ ಹೊನ್ನವಳ್ಳಿಯ ಬೆಳಗಿನ ಬಸ್ಸಿಗೆ ಬರುವವಳು. ಗಿಟುಕಿಗೆ ಒಂದು ಗೀರೂ ಬೀಳದಂತೆ ಕರಟ ಬಿಡಿಸುವ ಕೈ ಇಡೀ ತಾಲ್ಲೂಕಿನಲ್ಲಿ ಇನ್ನೊಂದಿಲ್ಲ ಎಂದು ಅಪ್ಪ ಹೇಳುತ್ತಿದ್ದ. ಆ ಕೈಯನ್ನು ನಂಬಿಯೇ ಈ ಕೋಣೆಯ ಕಸ ಗುಡಿಸುವುದನ್ನೂ ಗಾಜು ಒರೆಸುವುದನ್ನೂ ಅವನು ಅವಳಿಗೆ ಬಿಟ್ಟಿದ್ದ, ಮನೆಯವರಿಗೂ ಬಿಟ್ಟಿರಲಿಲ್ಲ. ಇಳಿದು ಹೋಗಿ ಹೇಳಿಬಿಡಲೇ? ಏನಂತ ಹೇಳುವುದು? ಅವಳಿಗೆ ಇನ್ನೂ ಏನೂ ಗೊತ್ತೇ ಇಲ್ಲ. ಫೋನು ಹೊಡೆದುಕೊಂಡಿತು. ಸಬೀಹಾ. “ಕಿಬ್ಬನಹಳ್ಳಿ ಕ್ರಾಸಿಗೆ ಬಂದೀನ್ರೀ, ಇಲ್ಲೇ ಚಾ ಕುಡದು ಹೊರಡ್ತೀನಿ.” ಬನ್ನಿ ಬನ್ನಿ ಎಂದ. ಅವನ ದನಿ ಎಂದಿನಂತೆಯೇ ಇತ್ತು. ಬರಬೇಡಿ, ಮನೆಯಲ್ಲಿ ಸೂತಕವಾಗಿದೆ ಎಂದು ಹೇಳಬಹುದಿತ್ತೆಂದು ಆಮೇಲೆ ಹೊಳೆಯಿತು, ಹೇಳಿದ್ದರೆ ಅದೊಂದು ಪೂರ್ತಿ ಸುಳ್ಳೂ ಆಗುತ್ತಿರಲಿಲ್ಲ.

ಸಬೀಹಾ ಬಂದರು, ಐವತ್ತರ ಹತ್ತಿರದ ಹೆಂಗಸು, ಚಪ್ಪಲಿ ಕಳಚಿಟ್ಟು ಎಲ್ಲರಿಗೂ ಕೈಮುಗಿದು ಮೆಟ್ಟಿಲು ಹತ್ತಿದರು. ನೀರು ಬೇಡ, ತಿಂಡಿ ಬೇಡ, ಮೊದಲು ಹಾಳೆ ಅಂದರು. ಚೀಲದಿಂದ ಬಿಳಿ ಕೈಗವಸು ತೆಗೆದು ತೊಟ್ಟುಕೊಂಡದ್ದನ್ನು ಕಂಡು ರೇಣುಕಪ್ರಸಾದ ತನ್ನ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಅವರು ಬಲಗಡೆ ಮೇಲಿಂದ ಶುರುಮಾಡಿದರು. ಬಾಯಲ್ಲಿ ಸಣ್ಣಗೆ ಓದಿಕೊಳ್ಳುತ್ತ, ನಡುನಡುವೆ ತಲೆದೂಗುತ್ತ. “ಏನ್ ಕೈ ಇದು! ಈ ಎಳತಾ ನೋಡ್ರೀ ಸರ, ಉಸಿರು ಹಿಡದು ಬರದಾನ. ಉಸಿರು ಬಿಟ್ಟಿದ್ರ ಇಲ್ಲಿ ನಡಗತಿತ್ತು.” ಒಂದನೇ ಸಾಲು, ಎರಡನೇ ಸಾಲು. ಅವರ ಸಂತೋಷ ಮೂಲೆಯ ಕಡೆಗೆ ಇಳಿಯುತ್ತ ಬರುವುದನ್ನು ಅವನು ನೋಡುತ್ತ ನಿಂತ. ಹಾಳೆಯ ಮೇಲೆ ಬಿದ್ದು ಮೂರ್ಛೆ ಹೋಗಿಬಿಡಲೇ ಅನ್ನಿಸಿತು. ನಾಲ್ಕನೇ ಸಾಲು ಮುಗಿಯಿತು. ಸಬೀಹಾ ಮೂಲೆಗೆ ಬಗ್ಗಿದರು. ಭೂತಗನ್ನಡಿ ತೆಗೆದು ನೋಡಿದರು, ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು, ಕನ್ನಡಿ ಕೆಳಗಿಟ್ಟರು.

“ಇದು ಯಾವಾಗ ಆತು?”

ಗಿರಿಜಾಂಬಿಕಾಳೇ ಮಾತಾಡಿದಳು. ಕೆಲಸದವಳು ನೆನ್ನೆ ಧೂಳು ಒರೆಸುವಾಗ ಆಗಿರಬೇಕು, ಪಾಪ, ಅವಳೂ ಬೇಕೂಂತ ಮಾಡಿಲ್ಲ ಅಂದಳು. ಆಗ ರೇಣುಕಪ್ರಸಾದನ ಬಾಯಿಂದ ಒಂದು ಮಾತು ಹೊರಬಿತ್ತು. “ಅವಳಿಗೆ ಇದೆಲ್ಲ ಗೊತ್ತಾಗಲ್ಲ ಮೇಡಂ, ಓದುಬರಹ ಇಲ್ಲದೋಳು.” ಆಡಿದ್ದು ತಾನೇ ಎಂದು ನಂಬಲು ಅವನಿಗೆ ಒಂದು ಗಳಿಗೆ ಬೇಕಾಯಿತು. ಈ ಹಾಳೆಯ ಒಂದಕ್ಷರವನ್ನೂ ಓದಲಾರದವನು, ಮೂವತ್ತು ವರ್ಷ ತನ್ನ ಮನೆಯ ಅನ್ನಕ್ಕೆ ಕೈಯಾಗಿದ್ದವಳ ಬಗ್ಗೆ ಹೀಗೆ ಹೇಳಿದ್ದ. ಮಾತನ್ನು ವಾಪಸು ತೆಗೆದುಕೊಳ್ಳೋಣವೆಂದರೆ ಹೆಂಡತಿ ಆಗಲೇ ಕಿಟಕಿಯಿಂದ ಬಗ್ಗಿ ರಂಗಕ್ಕನನ್ನು ಕೂಗಿದ್ದಳು.

ರಂಗಕ್ಕ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ಹೊಸಿಲಿನಾಚೆಯೇ ನಿಂತಳು. ಮೈಮೇಲೆಲ್ಲ ಕರಟದ ಪುಡಿ. ಗಿರಿಜಾಂಬಿಕಾ ಕೇಳಿದ್ದಕ್ಕೆ, “ಗಾಜು ಒರೆಸಿದ್ದೆ ಕಣ್ರಮ್ಮ, ದಿನಾ ಒರೆಸ್ತೀನಲ್ಲ. ಕಾಗ್ದ ನಾನ್ಯಾಕೆ ಮುಟ್ಲಿ?” ಎಂದಳು. ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಒಮ್ಮೆ ರೇಣುಕಪ್ರಸಾದನ ಕಡೆ ನೋಡಿದಳು, ಸಾವ್ಕಾರ್ರು ಏನಾದರೂ ಅಂದಾರು ಎಂಬಂತೆ. ಅವನು ಗೋಡೆ ನೋಡಿದ. “ಮುಟ್ದಿದ್ರೆ ಹೆಂಗೆ ಅಳಿಸ್ತದೆ ರಂಗಕ್ಕ? ಯಾರೂ ನಿಂಗೆ ಬೈಯಲ್ಲ, ಹೇಳ್ಬುಡು,” ಎಂದಳು ಹೆಂಡತಿ. ಸಬೀಹಾ ಎದ್ದು, “ಬಾರಮ್ಮ, ಒಳಗ ಬಾ, ನೀನೂ ನೋಡು,” ಎಂದು ಕರೆದರು.

ರಂಗಕ್ಕ ಬಂದಳು. ಕೈ ಹಿಂದಕ್ಕೆ ಕಟ್ಟಿಕೊಂಡು, ಮುಟ್ಟದೆ, ಸೊಂಟ ಬಗ್ಗಿಸಿ ಆ ಜಾಗವನ್ನು ನೋಡಿದಳು. ಅತ್ತಿಂದ ನೋಡಿದಳು, ಇತ್ತಿಂದ ನೋಡಿದಳು. ನೋಡುತ್ತ ನೋಡುತ್ತ ಅವಳ ಮುಖದ ಹೆದರಿಕೆ ಇಳಿಯಿತು. ರಾಶಿಯ ಮುಂದೆ ಕೂತಾಗ ಇರುತ್ತದಲ್ಲ, ಆ ಮುಖ ಬಂತು.

“ಇದು ಒರೆಸಿರಾದಲ್ಲ ಕಣ್ರವ್ವ,” ಎಂದಳು ಸಬೀಹಾಗೆ. “ಬಟ್ಟೇಲಿ ಒರೆಸಿದ್ರೆ ಸುತ್ತ ಕದಡಿರ್ತಿತ್ತು. ಇದು ಉಜ್ಜಿ ನೋಡಿರಾದು. ಹೆಬ್ಬೆಟ್ಟಲ್ಲಿ. ಇಲ್ಲಿ ಒತ್ತವ್ರೆ, ಹಿಂಗೆ ಮುಂದಕ್ಕೆ ತಳ್ಳವ್ರೆ, ಇಲ್ಲಿ ಎತ್ತವ್ರೆ. ಪಕ್ಕದಾಗೆ ಇನ್ನೊಸಿ ಬೂಷ್ಟು ಉಳ್ಕಂಡೈತೆ ನೋಡಿ. ಮ್ಯಾಗಳದಾ ಒಳಗಳದಾ ಅಂತ ನೋಡವ್ರೆ. ನಾವು ಕೊಬ್ಬರೀನ ನೋಡಲ್ವಾ, ಹಂಗೆ.”

ಅವಳ ದನಿಯಲ್ಲಿ ದೂರು ಇರಲಿಲ್ಲ. ಮಾಲು ನೋಡಿ ಇದ್ದದ್ದು ಇದ್ದಂತೆ ಹೇಳುವ ದನಿ ಅದು. ಹೇಳಿ ಮುಗಿಸಿದ ಮೇಲೆಯೇ, ಈ ಮನೆಯಲ್ಲಿ ಕೊಬ್ಬರಿ ಉಜ್ಜಿ ನೋಡುವ ಕೈ ತನ್ನದು ಬಿಟ್ಟರೆ ಇನ್ನೊಂದೇ ಎಂಬುದು ಅವಳಿಗೂ ಹೊಳೆದಿರಬೇಕು. ಅವಳು ತಲೆ ತಗ್ಗಿಸಿದಳು, ತಪ್ಪು ಮಾಡಿದವಳು ಅವಳೇ ಎಂಬಂತೆ. ಗಿರಿಜಾಂಬಿಕಾ ತುರುವೇಕೆರೆಯ ಕೊಬ್ಬರಿ ಮಂಡಿಯವರ ಮಗಳು, ಆಕೆಗೆ ಹೆಚ್ಚಿನ ವಿವರಣೆ ಬೇಕಾಗಲಿಲ್ಲ. ಗಂಡನ ಕಡೆ ತಿರುಗಿ, ಕಿಟಕಿಯಲ್ಲಿದ್ದ ಕುಡಿದು ಮುಗಿಸಿದ ಕಾಫಿ ಲೋಟವನ್ನು ನೋಡಿದಳು.

“ನಾನೇ,” ಎಂದ ರೇಣುಕಪ್ರಸಾದ. “ಬೆಳಗ್ಗೆ. ಎಂಜಲು ಹಚ್ಚಿ.” ಇಷ್ಟು ಸಣ್ಣ ಮಾತಿಗೆ ಮೂರು ಗಂಟೆ ಹಿಡಿದಿತ್ತು. ಆಡಿದ ಮೇಲೆ ಹಗುರವಾಗುತ್ತದೆ ಎಂದು ಅವನು ಎಲ್ಲೋ ಆಸೆ ಇಟ್ಟುಕೊಂಡಿದ್ದ. ಆಗಲಿಲ್ಲ. ಯಾರೂ ಬೈಯಲಿಲ್ಲ ಕೂಡ. ರಂಗಕ್ಕನ ಕಡೆಗೆ ಕೈ ಜೋಡಿಸೋಣವೆಂದರೆ ಅದು ನಾಟಕವಾಗಿ ಕಾಣುತ್ತದೆ ಎಂದು ನಾಚಿಕೆಯಾಗಿ, ಎತ್ತಿದ ಕೈಗಳಿಂದ ಕನ್ನಡಕ ಸರಿಮಾಡಿಕೊಂಡ.

ಸಬೀಹಾ ಅವನ ಮುಖ ನೋಡದೆ ಮಾತಾಡಿದರು. ಮಸಿ ಪೂರ್ತಿ ಎದ್ದುಹೋಗಿದೆ, ಜೊತೆಗೆ ಮೆರುಗೂ ಹೋಗಿದೆ, ಯಾವ ಕ್ಯಾಮೆರಾ ಹಿಡಿದರೂ ಏನೂ ಕಾಣಲಿಕ್ಕಿಲ್ಲ ಎಂದರು. ಹಾಳೆಯನ್ನು ಹೀಗೇ ಒಯ್ಯಬಹುದು, ಆದರೆ ಚೀಟಿಯಲ್ಲಿ ಬರೆದವನ ಹೆಸರಿನ ಜಾಗ ಖಾಲಿ ಬಿಡಬೇಕಾಗುತ್ತದೆ. “ಇಷ್ಟು ಛಲೋ ಬರದಾವಗ ಹೆಸರಿಲ್ಲ ಅಂದ್ರ ಹೆಂಗ್ರೀ? ಫೋಟೊ ಅದ ಏನು?” ಅವನು ಇಲ್ಲವೆಂದು ತಲೆಯಾಡಿಸಿದ. ಅವರು ಚೀಲದಿಂದ ಒಂದು ಬಿಳಿ ಹಾಳೆ, ಒಂದು ಪೆನ್ಸಿಲು ತೆಗೆದು ಅವನ ಮುಂದೆ ಇಟ್ಟರು. “ಓದಾಕ ಬರದಿದ್ರೂ ಚಿಂತಿಲ್ಲ. ಹನ್ನೊಂದು ವರ್ಷ ದಿನಾ ನೋಡೀರಿ. ಹೆಂಗಿತ್ತೋ ಹಂಗ ಗೆರಿ ಎಳೀರಿ, ನಾ ಓದ್ಕೋತೀನಿ. ಎಲ್ಲಿ ಬಾಗಿತ್ತು, ಎಲ್ಲಿ ಚುಕ್ಕಿ ಇತ್ತು, ಅಷ್ಟು ಸಾಕು. ಆವಾಗ ಹೆಸರು ಎಲ್ಲೂ ಹೋಗೂದಿಲ್ಲ.”

ರೇಣುಕಪ್ರಸಾದ ಪೆನ್ಸಿಲು ಹಿಡಿದ. ಇದಾದರೂ ಕೈಲಾಗುತ್ತದೆ ಅನ್ನಿಸಿ ಕಣ್ಣು ಮುಚ್ಚಿದ. ದಿನಾ ಬೆಳಗ್ಗೆ ಮಂಡಿಗೆ ಹೋಗುವ ಮುಂಚೆ ಇಲ್ಲಿ, ಇದೇ ಕುರ್ಚಿಯಲ್ಲಿ, ಕಾಲು ಗಂಟೆ. ನೆಂಟರು ಬಂದರೆ ಅರ್ಧ ಗಂಟೆ. ಮೊದಲು ಒಂದು ನೆಟ್ಟಗಿನ ಗೆರೆ ಇತ್ತು, ಇತ್ತೇ? ಅದರ ಕೆಳಗೆ ಚುಕ್ಕೆ, ಎರಡೋ ಮೂರೋ. ಬಾಗಿದ್ದು ಎಡಕ್ಕೋ ಬಲಕ್ಕೋ. ಹೆಸರು ಬರಲಿ ಬರಲಿ ಎಂದು ರೆಪ್ಪೆಯನ್ನು ಇನ್ನೂ ಬಿಗಿಯಾಗಿ ಒತ್ತಿದ. ಬಂದದ್ದು ಒಂದು ಮುಖ. ಕನ್ನಡಕ, ಹಣೆಯ ಮೂರು ಪಟ್ಟೆ ವಿಭೂತಿ, ಬೆನ್ನ ಹಿಂದೆ ಕಿಟಕಿ, ಕಿಟಕಿಯಲ್ಲಿ ತೆಂಗಿನ ತಲೆಗಳು. ಗಾಜಿನಲ್ಲಿ ಬೀಳುತ್ತಿದ್ದ ಅವನದೇ ಮುಖ. ಎಷ್ಟು ಸಲ ನೆನೆದರೂ ಅದೇ ಬಂತು, ಕೂದಲು ಕಪ್ಪಾಗಿದ್ದಾಗಿನದು, ಬೆಳ್ಳಗಾದಮೇಲಿನದು. ಅದರ ಹಿಂದೆ ಎಲ್ಲೋ ಕಪ್ಪಗೆ ಏನೋ ಇತ್ತು.

ಕಣ್ಣು ತೆರೆದ. ಬಿಳಿ ಹಾಳೆ ಹಾಗೇ ಇತ್ತು, ಮೂವರೂ ಅವನ ಕೈಯನ್ನೇ ನೋಡುತ್ತಿದ್ದರು. “ರಂಗಕ್ಕ,” ಎಂದ. ದನಿ ಅವನದೆನ್ನಿಸಲಿಲ್ಲ. “ನೀನು ದಿನಾ ಒರೆಸ್ತಿದ್ಯಲ್ಲ. ನಿಂಗೇನಾರ ನೆನಪೈತಾ? ಹೆಂಗಿತ್ತು ಅದು?”

ರಂಗಕ್ಕನಿಗೆ ಅವನನ್ನು ಕಂಡು ಕನಿಕರವಾಯಿತೋ ಏನೋ, ಆ ಜಾಗದ ಕಡೆ ಇನ್ನೊಮ್ಮೆ ಕಣ್ಣಾಡಿಸಿಯೇ ಹೇಳಿದಳು.

“ನಾನು ಗಾಜು ಒರೆಸ್ತಿದ್ದೆ ಸಾವ್ಕಾರ್ರೇ. ನೋಡ್ತಿದ್ದೋರು ನೀವು.”

ಬಿಸಿಲಿಗೆ ಹಾಕಿದ ಕೊಬ್ಬರಿ ತಿರುಗಿಸಬೇಕು ಎಂದು ಹೇಳಿ ಅವಳು ಮೆಟ್ಟಿಲಿಳಿದು ಹೋದಳು.